ಸಣ್ಣ ಸಾಫ್ಟ್‌ಬಾಕ್ಸ್, ಹತ್ತಿರದ ಬೆಳಕು

ನಮ್ಮ ಕಾಲೇಜಿನ ಅಟೆಂಡರ್ ಕಾಕ ಡಿಸೆಂಬರ್ ಕೊನೆಯಲ್ಲಿ ನಿವೃತ್ತರಾದದ್ದು ನಿಮಗೆಲ್ಲ ಗೊತ್ತಿದೆ. ಬೀಳ್ಕೊಡುಗೆಯ ದಿನ ಅವರಿಗೆ ಕೊಟ್ಟ ಫ್ರೇಮ್ ಹಾಕಿದ ಫೋಟೊ ನೋಡಿ ಹಲವರು "ಯಾವ ಸ್ಟುಡಿಯೋದಲ್ಲಿ ತೆಗೆಸಿದ್ದು?" ಎಂದು ಕೇಳಿದಿರಿ. ಅದು ಸ್ಟುಡಿಯೋದ ಫೋಟೊ ಅಲ್ಲ. ನಮ್ಮ ವರಾಂಡದ ತುದಿಯಲ್ಲಿ, ಗಂಟೆಯ ಪಕ್ಕದಲ್ಲೇ ತೆಗೆದದ್ದು. ಹೇಗೆ ತೆಗೆದೆ ಎಂದು ಬರೆಯಲು ಸಂಪಾದಕ ಮಂಡಳಿಯವರು ಹೇಳಿದ್ದಾರೆ. ಆದರೆ ಅದಕ್ಕಿಂತ ನಾಲ್ಕು ದಿನ ಮೊದಲು ಅದೇ ಕಾಕನ ಒಂದು ಕೆಟ್ಟ ಫೋಟೊವನ್ನೂ ನಾನೇ ತೆಗೆದಿದ್ದೆ. ಪಾಠ ಅಲ್ಲಿಂದ ಶುರುವಾಗಬೇಕು.

ಮೊದಲ ಫೋಟೊ

ಪ್ರಾಂಶುಪಾಲರು ನಮ್ಮ ಫೋಟೊ ತಂಡಕ್ಕೆ ಈ ಕೆಲಸ ಒಪ್ಪಿಸಿದಾಗ ನಾನು ಮದುವೆ ಫೋಟೊ ತೆಗೆಯುವ ಅಣ್ಣನ ಕ್ಯಾಮೆರಾ ತಂದು, ಅದರ ತಲೆಯ ಮೇಲೆ ಫ್ಲಾಶ್ ಸಿಕ್ಕಿಸಿ, ಕಾಕನನ್ನು ಆಫೀಸಿನ ಗೋಡೆಗೆ ತಾಗಿ ನಿಲ್ಲಿಸಿ ಕ್ಲಿಕ್ ಮಾಡಿದೆ. ಹಣೆ ಮತ್ತು ಮೂಗಿನ ತುದಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಕೆನ್ನೆ ಚಪ್ಪಟೆ. ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು. ಬಿಳಿ ಅಂಗಿಯಲ್ಲಿ ಗುಂಡಿಗಳೂ ಕಾಣುತ್ತಿರಲಿಲ್ಲ.

ಕಾಕ ಕ್ಯಾಮೆರಾದ ಹಿಂದಿನ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. "ಇದು ನಾನಾ ಮಗಳೇ?" ಎಂದರು. ಆಮೇಲೆ, ನನಗೆ ಬೇಸರವಾದೀತು ಎಂದೋ ಏನೋ, ನಕ್ಕು ಹೇಳಿದರು: "ತೊಂದರೆ ಇಲ್ಲ. ಐಡಿ ಕಾರ್ಡಿನ ಫೋಟೊ ಉಂಟಲ್ಲ, ಅದನ್ನೇ ದೊಡ್ಡದು ಮಾಡಿ ಹಾಕಿ."

ಮೂವತ್ತೊಂದು ವರ್ಷ ಈ ಕಟ್ಟಡದ ಬಾಗಿಲು ತೆಗೆದು ಮುಚ್ಚಿದವರಿಗೆ ನೆನಪಿಗೆಂದು ಕೊಡುವುದು ಐಡಿ ಕಾರ್ಡಿನ ಫೋಟೊವೇ? ಆ ರಾತ್ರಿ ಅಣ್ಣನ ಹತ್ತಿರ ಕೂತು ಕೇಳಿದೆ. ಅವನು ಅಟ್ಟದಿಂದ ಮಡಚಿಟ್ಟ ಹಳೆಯ ಸಾಫ್ಟ್‌ಬಾಕ್ಸ್ ಒಂದನ್ನು ತೆಗೆದುಕೊಟ್ಟ. ಒಂದೊಂದು ಬದಿ 60 ಸೆಂಟಿಮೀಟರ್. ಒಳಗೆ ಬೆಳ್ಳಿಯ ಬಣ್ಣದ ಬಟ್ಟೆ, ಮುಂದೆ ಬಿಳಿ ಬಟ್ಟೆ. ಜೊತೆಗೆ ಒಂದು ಸ್ಟ್ಯಾಂಡ್, ಮತ್ತು ತಂತಿಯಿಲ್ಲದೆ ಫ್ಲಾಶ್ ಹೊತ್ತಿಸುವ ಟ್ರಿಗರ್. "ಪೆಟ್ಟಿಗೆ ಇದ್ದ ಕೂಡಲೇ ಬೆಳಕು ಮೆತ್ತಗಾಗುವುದಿಲ್ಲ, ಎಲ್ಲಿ ಇಡುತ್ತೀ ಎನ್ನುವುದು ಮುಖ್ಯ" ಎಂದ.

ಮೆತ್ತಗಿನ ಬೆಳಕು ಎಂದರೇನು?

ಬಿಳಿ ಬಟ್ಟೆಯ ಮೂಲಕ ಬಂದ ಬೆಳಕು ಮೆತ್ತಗೆ ಎಂದು ನಾನು ತಿಳಿದಿದ್ದೆ. ಅದು ಅರ್ಧ ಸತ್ಯ ಮಾತ್ರ. ಬೆಳಕು ಗಡುಸೋ ಮೆತ್ತಗೋ ಎಂಬುದನ್ನು ನಿರ್ಧರಿಸುವುದು ಮುಖದ ಕಡೆಯಿಂದ ನೋಡಿದಾಗ ಆ ಬೆಳಕಿನ ಆಕರ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಅದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮ್ಮ ಕಣ್ಣಿಗೆ ಬರೀ ಅರ್ಧ ಡಿಗ್ರಿಯಷ್ಟು ಕಾಣುತ್ತದೆ. ಹಾಗಾಗಿ ಮಧ್ಯಾಹ್ನದ ನೆರಳಿನ ಅಂಚು ಕತ್ತರಿಸಿದ ಹಾಗಿರುತ್ತದೆ. ಮೋಡ ಮುಚ್ಚಿದರೆ ಇಡೀ ಆಕಾಶವೇ ದೀಪವಾಗುತ್ತದೆ. ನೆರಳಿನ ಅಂಚು ಕರಗುತ್ತದೆ.

ಇದೇ ಲೆಕ್ಕವನ್ನು ನನ್ನ ಸಾಮಾನಿಗೂ ಹಾಕಿದೆ:

- 7 ಸೆಂಟಿಮೀಟರ್ ಅಗಲದ ಬರೀ ಫ್ಲಾಶ್, ಒಂದೂವರೆ ಮೀಟರ್ ದೂರದಲ್ಲಿ: ಸುಮಾರು 3 ಡಿಗ್ರಿ
- 60 ಸೆಂಟಿಮೀಟರಿನ ಸಾಫ್ಟ್‌ಬಾಕ್ಸ್, ಎರಡೂವರೆ ಮೀಟರ್ ದೂರದಲ್ಲಿ: ಸುಮಾರು 14 ಡಿಗ್ರಿ
- ಅದೇ ಸಾಫ್ಟ್‌ಬಾಕ್ಸ್, 75 ಸೆಂಟಿಮೀಟರ್ ದೂರದಲ್ಲಿ: ಸುಮಾರು 44 ಡಿಗ್ರಿ

ಪೆಟ್ಟಿಗೆ ಒಂದೇ. ಹತ್ತಿರ ತಂದದ್ದಕ್ಕೆ ಮೂರು ಪಟ್ಟು ದೊಡ್ಡದಾಯಿತು. ನಂಬಿಕೆ ಬಾರದಿದ್ದರೆ ಅಡುಗೆಮನೆಯ ಸ್ಟೀಲ್ ಚೊಂಬೊಂದನ್ನು ಮೇಜಿನ ಮೇಲಿಟ್ಟು ನೋಡಿ. ದೂರದ ಸಾಫ್ಟ್‌ಬಾಕ್ಸ್ ಅದರ ಮೇಲೆ ಬೆರಳುಗುರಿನಷ್ಟು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಹತ್ತಿರ ತಂದರೆ ಆ ಚುಕ್ಕೆ ಹರಡಿ ಅಗಲವಾಗುತ್ತದೆ. ಹಣೆಯ ಮೇಲಿನ ಹೊಳಪೂ ಇದೇ. ಬೆವರನ್ನು ಎಷ್ಟು ಒರೆಸಿದರೂ ಸಣ್ಣ ಆಕರ ಸಣ್ಣ, ತೀಕ್ಷ್ಣ ಹೊಳಪನ್ನೇ ಕೊಡುತ್ತದೆ.

ಹಿನ್ನೆಲೆಗೆ ಎಷ್ಟು ಬೆಳಕು?

ಹತ್ತಿರ ಇಡುವುದರಿಂದ ಇನ್ನೊಂದು ಲಾಭವಿದೆ. ನಾವು ಕ್ಲಾಸಿನಲ್ಲಿ ಇನ್ವರ್ಸ್ ಸ್ಕ್ವೇರ್ ಲಾ ಎಂದು ಓದುವ ವಿಲೋಮ ವರ್ಗ ನಿಯಮ ನೆನಪಿಸಿಕೊಳ್ಳಿ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲು. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಪಾಲು. ಮುಖದ ಹಿಂದೆ ಒಂದು ಮೀಟರ್ ದೂರದಲ್ಲಿ ಗೋಡೆ ಇದೆ ಎನ್ನೋಣ. ದೀಪ ಮುಖದಿಂದ ಒಂದು ಮೀಟರ್ ದೂರದಲ್ಲಿದ್ದರೆ ಗೋಡೆಗೆ ಮುಖದ ನಾಲ್ಕನೇ ಒಂದು ಭಾಗ ಬೆಳಕು. ದೀಪ ಅರ್ಧ ಮೀಟರಿಗೆ ಬಂದರೆ ಗೋಡೆಗೆ ಒಂಬತ್ತನೇ ಒಂದು ಭಾಗ. ಅಂದರೆ ಅದೇ ಬಿಳಿ ಗೋಡೆ ಬೂದು ಬಣ್ಣಕ್ಕೆ ತಿರುಗಿ, ಮುಖ ಮುಂದೆ ಬರುತ್ತದೆ.

ಈ ಲೆಕ್ಕವನ್ನು ಭೌತಶಾಸ್ತ್ರದ ಸರ್‌ಗೆ ತೋರಿಸಿದಾಗ ಅವರು ಒಂದು ತಪ್ಪು ಹಿಡಿದರು. ಆ ನಿಯಮ ಬಿಂದುವಿನಂಥ ಆಕರಕ್ಕೆ. ಅರ್ಧ ಮೀಟರ್ ದೂರದಿಂದ ನೋಡಿದರೆ 60 ಸೆಂಟಿಮೀಟರಿನ ಪೆಟ್ಟಿಗೆ ಬಿಂದು ಹೇಗಾಗುತ್ತದೆ? ಸರ್ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಂತೆ, ಅಷ್ಟು ಹತ್ತಿರದಲ್ಲಿ ಗೋಡೆಗೆ ಬೀಳುವುದು ಒಂಬತ್ತರಲ್ಲಿ ಒಂದಲ್ಲ, ಸುಮಾರು ಆರೂವರೆಯಲ್ಲಿ ಒಂದು ಪಾಲು. ದೀಪ ಒಂದು ಮೀಟರ್ ದೂರದಲ್ಲಿದ್ದಾಗ ವ್ಯತ್ಯಾಸ ಅಷ್ಟಿಲ್ಲ. ಮೊದಲ ವರ್ಷದವರು ಗಮನಿಸಿ: ನಿಯಮದ ಜೊತೆ ಅದು ಎಲ್ಲಿ ಅನ್ವಯಿಸುತ್ತದೆ ಎನ್ನುವುದನ್ನೂ ಬರೆದುಕೊಳ್ಳಬೇಕು.

ಎರಡು ಬೆಳಕು, ಎರಡು ಹಿಡಿತ

ಕಾಕನಿಗೆ ಎಲ್ಲಿ ಫೋಟೊ ಬೇಕು ಎಂದು ಮೊದಲ ಸಲ ನಾನು ಕೇಳಿರಲೇ ಇಲ್ಲ. ಈ ಸಲ ಕೇಳಿದೆ. "ಗಂಟೆಯ ಹತ್ತಿರ" ಎಂದರು. ವರಾಂಡದ ತುದಿಯಲ್ಲಿ ತೂಗುಹಾಕಿರುವ ಆ ರೈಲು ಕಂಬಿಯ ತುಂಡು ನಿಮಗೆ ಗೊತ್ತು. ಕರೆಂಟ್ ಗಂಟೆ ಬಂದ ಮೇಲೂ ಕರೆಂಟ್ ಹೋದ ದಿನಗಳಲ್ಲಿ ಅವರು ಅದನ್ನೇ ಬಾರಿಸುತ್ತಿದ್ದರು.

ಅಲ್ಲಿನ ತೊಂದರೆ ಏನೆಂದರೆ ಹಿಂದೆ ಸಂಜೆಯ ಬೆಳಗಿದ ಆಕಾಶ, ಮುಂದೆ ನೆರಳಿನಲ್ಲಿರುವ ಮುಖ. ಆಕಾಶಕ್ಕೆ ಸರಿಯಾಗಿ ತೆಗೆದರೆ ಮುಖ ಕಪ್ಪು. ಮುಖಕ್ಕೆ ಸರಿಯಾಗಿ ತೆಗೆದರೆ ಆಕಾಶ ಬಿಳಿ ಕಾಗದ. ಎರಡೂ ಬೇಕೆಂದರೆ ಮುಖಕ್ಕೆ ಬೇರೆ ಬೆಳಕು ಕೊಡಬೇಕು.

ಇಲ್ಲಿ ಒಂದು ಗುಟ್ಟು ಇದೆ. ಕಾಲು ಶಕ್ತಿಯಲ್ಲಿ ಹೊತ್ತಿದ ಫ್ಲಾಶ್ ಬೆಳಗುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಸಮಯ. ಶಟರ್ 1/60 ಸೆಕೆಂಡ್ ತೆರೆದಿರಲಿ, 1/160 ತೆರೆದಿರಲಿ, ಫ್ಲಾಶಿನ ಬೆಳಕು ಪೂರ್ತಿ ಒಳಗೆ ಬಂದುಬಿಡುತ್ತದೆ. ಆಕಾಶದ ಬೆಳಕು ಮಾತ್ರ ಶಟರ್ ತೆರೆದಿದ್ದಷ್ಟು ಹೊತ್ತು ಬರುತ್ತಲೇ ಇರುತ್ತದೆ. ಆದ್ದರಿಂದ ಆಕಾಶವನ್ನು ಶಟರ್‌ನಿಂದ, ಮುಖವನ್ನು ಫ್ಲಾಶಿನ ಶಕ್ತಿಯಿಂದ ಬೇರೆ ಬೇರೆಯಾಗಿ ಹಿಡಿತದಲ್ಲಿಡಬಹುದು. ಅಪರ್ಚರ್ ಮತ್ತು ಐಎಸ್‌ಒ ಬದಲಿಸಿದರೆ ಮಾತ್ರ ಎರಡೂ ಬದಲಾಗುತ್ತವೆ.

ಶಟರಿಗೂ ಒಂದು ಮಿತಿ ಇದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250ಕ್ಕಿಂತ ವೇಗವಾದರೆ ಶಟರಿನ ಎರಡು ಪರದೆಗಳು ಒಮ್ಮೆಗೇ ಪೂರ್ತಿ ತೆರೆದಿರುವುದಿಲ್ಲ. ಫೋಟೊದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಕ್ಯಾಮೆರಾ ಕೆಟ್ಟಿದೆ ಎಂದು ಹೆದರಬೇಡಿ, ವೇಗ ಇಳಿಸಿ.

ಗಂಟೆಯ ಪಕ್ಕದಲ್ಲಿ

ಸೂರ್ಯ ಮುಳುಗಲು ಇಪ್ಪತ್ತು ನಿಮಿಷ ಇರುವಾಗ ಶುರು ಮಾಡಿದೆವು. ಎಲ್ಲವೂ ಮ್ಯಾನುಯಲ್. ಬಿಳಿ ಅಂಗಿ, ಕಪ್ಪು ಮೈಬಣ್ಣ, ಬೆಳಗುವ ಆಕಾಶ ಮೂರೂ ಸೇರಿದರೆ ಕ್ಯಾಮೆರಾದ ಆಟೋ ಲೆಕ್ಕ ತಪ್ಪುತ್ತದೆ. ಅದು ಎಲ್ಲವನ್ನೂ ಸರಾಸರಿ ಬೂದು ಬಣ್ಣಕ್ಕೆ ತರಲು ನೋಡುತ್ತದೆ.

ಮೊದಲು ಫ್ಲಾಶ್ ಆರಿಸಿಯೇ ಆಕಾಶಕ್ಕೆ ಹೊಂದಿಸಿದೆ: ಐಎಸ್‌ಒ 100, ಎಫ್/5.6, 1/160 ಸೆಕೆಂಡ್. ಆಕಾಶದ ಬಣ್ಣ ತುಂಬಿ ಬಂತು, ಕಾಕ ಕಪ್ಪು ಆಕೃತಿ. ಆಮೇಲೆ ಸಾಫ್ಟ್‌ಬಾಕ್ಸನ್ನು ಅವರ ಎಡಕ್ಕೆ 45 ಡಿಗ್ರಿಯಷ್ಟು ಓರೆಯಲ್ಲಿ, ಕಣ್ಣಿಗಿಂತ ಸ್ವಲ್ಪ ಎತ್ತರದಲ್ಲಿ, ಸುಮಾರು 80 ಸೆಂಟಿಮೀಟರ್ ದೂರದಲ್ಲಿ ಇಟ್ಟು, 1/8 ಶಕ್ತಿಯಲ್ಲಿ ಒಂದು ತೆಗೆದೆ. ಸಾಲಲಿಲ್ಲ. 1/4ಕ್ಕೆ ಏರಿಸಿದಾಗ ಮುಖ ಸರಿಯಾಯಿತು, ಅಂಗಿ ಮಾತ್ರ ಮತ್ತೆ ಉರಿಯಿತು. ಶಕ್ತಿ ಇಳಿಸದೆ, ಪೆಟ್ಟಿಗೆಯ ಮುಖವನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆ. ಅಂಗಿಗೆ ಬೆಳಕಿನ ಅಂಚು ಮಾತ್ರ ತಾಗಿತು, ಗುಂಡಿಗಳು ಕಂಡವು.

ಕನ್ನಡಕದ ಗಾಜಿನಲ್ಲಿ ಬಿಳಿ ಚೌಕ ಮೂಡಿತು. ಸಾಫ್ಟ್‌ಬಾಕ್ಸನ್ನು ಇನ್ನೊಂದು ಗೇಣು ಎತ್ತರಿಸಿ, ಕನ್ನಡಕದ ಕಡ್ಡಿಗಳನ್ನು ಕಿವಿಯ ಹತ್ತಿರ ತುಸು ಮೇಲಕ್ಕೆತ್ತಿದಾಗ ಅದು ಜಾರಿಹೋಯಿತು. ಆದರೆ ಕಣ್ಣಿನ ಕರಿಗುಡ್ಡೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಮಿಂಚು ಉಳಿಯಬೇಕು. ಅದಿಲ್ಲದಿದ್ದರೆ ಮುಖದಲ್ಲಿ ಜೀವ ಕಾಣುವುದಿಲ್ಲ.

ಅಷ್ಟರಲ್ಲಿ ಕಡಲ ಗಾಳಿ ಬಂದು ಸಾಫ್ಟ್‌ಬಾಕ್ಸ್ ಹಾಯಿಯಂತೆ ತುಂಬಿಕೊಂಡು, ಸ್ಟ್ಯಾಂಡ್ ಕಾಕನ ಕಡೆಗೇ ವಾಲಿತು. ಗೆಳತಿ ಹಿಡಿದದ್ದರಿಂದ ಬಚಾವಾದೆವು. ಅವಳ ಕಾಲೇಜು ಬ್ಯಾಗನ್ನು ಸ್ಟ್ಯಾಂಡಿನ ಕಾಲಿಗೆ ನೇತುಹಾಕಿದೆವು. ದ್ವಿತೀಯ ಪಿಯುಸಿಯ ಪುಸ್ತಕಗಳ ಭಾರ ಅಂದು ಉಪಯೋಗಕ್ಕೆ ಬಂತು. ಕಾಕ ಇದನ್ನು ಕೇಳಿ ನಕ್ಕರು, ಕಂಬಿಯ ಮೇಲೆ ಕೈ ಇಟ್ಟರು. ಆ ಕ್ಷಣದ್ದೇ ನೀವು ನೋಡಿದ ಫೋಟೊ.

ಮನೆಯಲ್ಲಿ ಅಣ್ಣ ಅದನ್ನು ಕಂಪ್ಯೂಟರಿನಲ್ಲಿ ತೆರೆದು ರೂಢಿಯಂತೆ ಮುಖವನ್ನು ಬೆಳ್ಳಗೆ ಮಾಡಿದ, ಸುಕ್ಕು ಅಳಿಸಿದ. ಮದುವೆ ಆಲ್ಬಂಗಳಲ್ಲಿ ಹಾಗೆಯೇ ಮಾಡುತ್ತಾರೆ. ನನಗೆ "ಇದು ನಾನಾ?" ಎಂಬ ಮಾತು ನೆನಪಾಯಿತು. ಎಲ್ಲವನ್ನೂ ಮೊದಲಿನಂತೆ ಮಾಡಿಸಿದೆ.

ನೀವು ಮಾಡಿ ನೋಡುವಾಗ

1. ಮೊದಲು ಆ ವ್ಯಕ್ತಿಯ ಒಪ್ಪಿಗೆ ಕೇಳಿ. ಎಲ್ಲಿ ನಿಲ್ಲಲು ಇಷ್ಟ ಎಂದೂ ಕೇಳಿ.
2. ಫ್ಲಾಶ್ ಇಲ್ಲದೆ ಹಿನ್ನೆಲೆಯನ್ನು ಹೊಂದಿಸಿ, ಆಮೇಲೆ ಮುಖಕ್ಕೆ ಫ್ಲಾಶ್ ಸೇರಿಸಿ.
3. ಸಾಫ್ಟ್‌ಬಾಕ್ಸನ್ನು ಫೋಟೊದ ಚೌಕಟ್ಟಿಗೆ ಬರದ ಹಾಗೆ, ಆದಷ್ಟು ಹತ್ತಿರ ತನ್ನಿ.
4. ಸ್ಟ್ಯಾಂಡಿಗೆ ಭಾರ ಕಟ್ಟಿ. ಗಾಳಿ ಹೇಳಿ ಬರುವುದಿಲ್ಲ.
5. ಕೆಟ್ಟುಹೋದ ಫ್ಲಾಶನ್ನು ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಸಾವಿರ ಮೈಕ್ರೊಫ್ಯಾರಡ್ ಎಂದು ಹಿಡಿದು ನಮ್ಮ ಸೂತ್ರ ಹಾಕಿದರೆ 45 ಜೂಲ್. ಬ್ಯಾಟರಿ ತೆಗೆದ ಮೇಲೂ ಅದು ಅಲ್ಲೇ ಇರಬಹುದು.
6. ಸಾಮಾನು ಇಲ್ಲದವರು ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಕೂರಿಸಿ, ಇನ್ನೊಂದು ಬದಿಗೆ ಬಿಳಿ ಥರ್ಮಾಕೋಲ್ ಹಿಡಿಯಿರಿ. ಕಿಟಕಿಯೂ ಒಂದು ದೊಡ್ಡ ಸಾಫ್ಟ್‌ಬಾಕ್ಸೇ. ಮೊಬೈಲಿನಲ್ಲೂ ಚೆನ್ನಾಗಿ ಬರುತ್ತದೆ.

ಇಲ್ಲಿ ಅಚ್ಚಾಗದ ಫೋಟೊ

ಬೀಳ್ಕೊಡುಗೆಯ ಮರುವಾರ ಕಾಕ ಫೋನ್ ಮಾಡಿದರು. "ನಮ್ಮ ಮನೆಯವಳದ್ದೂ ಒಂದು ತೆಗೆಯುತ್ತೀಯಾ? ಗಂಡಸರು ಕ್ಯಾಮೆರಾ ಹಿಡಿದರೆ ಅವಳು ಒಪ್ಪುವುದಿಲ್ಲ. ನೀನಾದರೆ ಆಗಬಹುದು ಅಂದಳು." ಅವರ ಪತ್ನಿಯದ್ದು ಎಂದು ಮನೆಯಲ್ಲಿ ಇದ್ದದ್ದು ಆಧಾರ್ ಕಾರ್ಡಿನ ಫೋಟೊ ಒಂದೇ.

ಹೆಂಚಿನ ಮನೆ, ಸಣ್ಣ ಕೋಣೆ. ಅದೇ ಸಾಫ್ಟ್‌ಬಾಕ್ಸನ್ನು ಅವರಿಂದ ಒಂದು ಮೊಳ ದೂರದಲ್ಲಿಟ್ಟೆ. ಮೊದಲ ಎರಡು ಸಲ ಅವರು ಕಣ್ಣು ಮುಚ್ಚಿದರು. ಮೂರನೆಯ ಸಲ ಕ್ಯಾಮೆರಾ ಕೆಳಗಿಟ್ಟು, ಮಗಳ ಬಗ್ಗೆ ಕೇಳಿದೆ. ಮಗಳು ಮದುವೆಯಾಗಿ ದಮ್ಮಾಮಿನಲ್ಲಿದ್ದಾಳೆ. ಅವಳ ವಿಷಯ ಹೇಳುತ್ತಾ ಹೇಳುತ್ತಾ ಅವರು ಫ್ಲಾಶನ್ನು ಮರೆತರು.

"ಮಗಳಿಗೆ ಮಾತ್ರ ಕಳಿಸು" ಎಂದರು. ಅವರ ಎದುರೇ ಕಳಿಸಿ, ನನ್ನ ಕಾರ್ಡಿನಿಂದಲೂ ಫೋನಿನಿಂದಲೂ ಅಳಿಸಿದೆ. ನಾನು ತೆಗೆದದ್ದರಲ್ಲಿ ಅದೇ ಒಳ್ಳೆಯದು, ಆದರೆ ನಿಮಗೆ ತೋರಿಸಲು ನನ್ನ ಬಳಿ ಇಲ್ಲ. ಇಷ್ಟನ್ನು ಬರೆಯಬಹುದೇ ಎಂದು ಅವರನ್ನೇ ಕೇಳಿದೆ. "ಬರೆ. ಹುಡುಗಿಯರು ಕಲಿಯಲಿ" ಎಂದರು.

ಅಣ್ಣ ಆ ಸಾಫ್ಟ್‌ಬಾಕ್ಸನ್ನು ಕಾಲೇಜಿಗೇ ಬಿಟ್ಟುಕೊಟ್ಟಿದ್ದಾನೆ. ಅದು ಭೌತಶಾಸ್ತ್ರ ಪ್ರಯೋಗಾಲಯದ ಎರಡನೇ ಕಪಾಟಿನಲ್ಲಿದೆ. ಶನಿವಾರ ಕೊನೆಯ ಪಿರಿಯಡ್ ಮುಗಿದ ಮೇಲೆ ಬನ್ನಿ, ಒಟ್ಟಿಗೆ ಅಭ್ಯಾಸ ಮಾಡೋಣ. ಬರುವಾಗ ಒಂದು ಸ್ಟೀಲ್ ಚೊಂಬು ತನ್ನಿ.

- ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ