ಶಟರ್ ಕೆಳಗಿನ 5 ಮಿಲಿಮೀಟರ್

2022ರ ಸೆಪ್ಟೆಂಬರ್ ಮಳೆಗೆ ಮಹದೇವಪುರ ವಲಯದ ಹಲವು ಬಡಾವಣೆಗಳು ಮುಳುಗಿದ್ದು ನೆನಪಿದೆಯಲ್ಲ? ಅದೇ ವಲಯದ ನಮ್ಮ ಹೂಡಿಯಲ್ಲಿ ಗ್ಯಾರೇಜಿನ ಬಾಗಿಲು ಅಂದ್ರೆ ಸಾಮಾನ್ಯವಾಗಿ ರೋಲಿಂಗ್ ಶಟರ್. ಅದರಡಿ 5 ಮಿ.ಮೀ. ಸಂದಿ ಇದ್ರೆ ಏನಾಗುತ್ತೆ, ಲೆಕ್ಕ ಹಾಕೋಣ.

ಶಟರ್ ಅಗಲ 3 ಮೀಟರ್, ಹೊರಗೆ ನಿಂತ ನೀರು 10 ಸೆಂ.ಮೀ. ಎಂದುಕೊಳ್ಳಿ. ಟೊರಿಸೆಲ್ಲಿ ಸೂತ್ರದ ಪ್ರಕಾರ ನೀರಿನ ವೇಗ ಸೆಕೆಂಡಿಗೆ ಸುಮಾರು 1.4 ಮೀಟರ್. ವಿಸರ್ಜನಾ ಗುಣಾಂಕ 0.6 ಹಿಡಿದರೆ ಸೆಕೆಂಡಿಗೆ ಸುಮಾರು 12 ಲೀಟರ್ ನೀರು ಒಳಗೆ!

ಹಗಲಲ್ಲಿ ಶಟರ್ ಇಳಿಸಿ, ಒಳಗಿನ ದೀಪ ಆರಿಸಿ ನೋಡಿ. ಬೆಳಕು ಬಂದ ಕಡೆ ನೀರೂ ಬರುತ್ತೆ. ನೆಲ ಏರುಪೇರಾಗಿದ್ರೆ ಮೊದಲು ಸಿಮೆಂಟಿನಿಂದ ಮಟ್ಟ ಮಾಡಿಸಿ. ಆಮೇಲೆ ಶಟರಿನ ಕೆಳಪಟ್ಟಿಗೆ ಇಪಿಡಿಎಂ ರಬ್ಬರ್ ಹಾಕಿಸಿ. ಬಿಸಿಲು, ಓಝೋನ್‌ಗೆ ಅದು ಸಾಮಾನ್ಯ ರಬ್ಬರಿನಷ್ಟು ಬೇಗ ಬಿರುಕು ಬಿಡಲ್ಲ. ಪಕ್ಕದ ಚಾನೆಲ್‌ಗೆ ಬ್ರಷ್ ಸೀಲ್ ಸಾಕು. ಬಿಗಿ ರಬ್ಬರ್ ತುರುಕಿದ್ರೆ ಶಟರ್ ಸಿಕ್ಕಿಕೊಳ್ಳುತ್ತೆ.

ಆದರೆ ಸೀಲ್ ತಡೆಯೋದು ಎರಚಲನ್ನ, ತೆಳುವಾಗಿ ಹರಿದು ಬರೋ ನೀರನ್ನ. ನೀರಿನ ಎತ್ತರ ಮೂರು ಪಟ್ಟಾದರೆ ಶಟರ್ ಮೇಲಿನ ಬಲ ಒಂಬತ್ತು ಪಟ್ಟಾಗುತ್ತೆ. 30 ಸೆಂ.ಮೀ. ನಿಂತರೆ ಸುಮಾರು 135 ಕೆ.ಜಿ. ಭಾರದಷ್ಟು! ತಗಡು ಬಾಗಿದ್ರೆ ಸಂದಿ ಮತ್ತೆ ತೆರೆಯುತ್ತೆ. ತಗ್ಗಿನಲ್ಲಿರೋರು ರಬ್ಬರೊಂದನ್ನೇ ನಂಬಬೇಡಿ. ಬಾಗಿಲ ಮುಂದೆ ಅಡ್ಡ ಚರಂಡಿ ಮಾಡಿಸಿ, ಸ್ವಿಚ್‌ಬೋರ್ಡನ್ನ ಮೇಲಕ್ಕೆ ಏರಿಸಿ.