ಗ್ರೌಟ್ ಕಲೆ ತೆಗೆಯೋಕೆ ಹೋಗಿ ಮೆಟ್ಟಿಲು ಕೆಡಿಸಿದ ಪಾಠ

ರಜೆಯಲ್ಲಿ ನಾವು ಮೂವರು ಬಾದಾಮಿಯ ಗೆಳೆಯನ ಮನೆಗೆ ಹೋಗಿದ್ವಿ. ಹೊಸ ಮನೆ, ಗೃಹಪ್ರವೇಶಕ್ಕೆ ನಾಲ್ಕೇ ದಿನ ಉಳಿದಿತ್ತು. ಹಾಲ್‌ನ ವಿಟ್ರಿಫೈಡ್ ಟೈಲ್ಸ್ ಮೇಲೆಲ್ಲ ಒಣಗಿದ ಗ್ರೌಟ್‌ನ ಬಿಳಿ ಪೊರೆ. ಗೌಂಡಿ ಸಂದಿ ತುಂಬಿ, ಹಸಿ ಇದ್ದಾಗಲೇ ಒರೆಸೋದು ಬಿಟ್ಟಿದ್ದ. "ನೀವು ಇಂಜಿನಿಯರಿಂಗ್ ಹುಡುಗ್ರು, ಏನಾರ ಮಾಡ್ರಪಾ" ಅಂದ್ರು ಗೆಳೆಯನ ಅಪ್ಪ.

ನಾವು ಆಸಿಡ್ ತಂದ್ವಿ. ಟೈಲ್ಸ್ ಹೊಳೆಯಿತು. ಅದೇ ಹುರುಪಲ್ಲಿ ಬಾಗಿಲ ಮುಂದಿನ ಶಹಾಬಾದ್ ಕಲ್ಲಿನ ಮೆಟ್ಟಿಲಿಗೂ ಸುರಿದ್ವಿ. ಬುಸ್ ಅಂತ ನೊರೆ ಬಂತು. ಕೊಳೆ ಹೋಗ್ತಿದೆ ಅಂದ್ಕೊಂಡ್ವಿ. ತೊಳೆದು ನೋಡಿದ್ರೆ ಹೋಗಿದ್ದು ಕಲ್ಲಿನ ಪಾಲಿಶ್.

ಮೊದಲ ವರ್ಷದ ಕೆಮಿಸ್ಟ್ರಿ ಆಗ ನೆನಪಾಯ್ತು. ಸಿಮೆಂಟ್ ಗ್ರೌಟ್‌ನಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇರುತ್ತೆ. ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತೆ. ಹೈಡ್ರೋಕ್ಲೋರಿಕ್ ಆಸಿಡ್ ಇದನ್ನು ಕರಗಿಸುತ್ತೆ, ವಿಟ್ರಿಫೈಡ್ ಟೈಲ್ಸನ್ನು ಮುಟ್ಟಲ್ಲ. ಆದರೆ ಶಹಾಬಾದ್ ಕಲ್ಲು ಸುಣ್ಣದಕಲ್ಲು, ಅಂದ್ರೆ ಬಹುಪಾಲು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್‌ಗೆ ಕಲೆ ಯಾವುದು, ಕಲ್ಲು ಯಾವುದು ಅನ್ನೋ ಭೇದ ಗೊತ್ತಾಗೋದು ಹೇಗೆ?

ಹಾಗಾಗಿ ಮೊದಲು ಕಲ್ಲಿನ ಒಂದು ಚೂರಿನ ಮೇಲೆ ಎರಡು ಹನಿ ನಿಂಬೆರಸ ಹಾಕಿ. ಗುಳ್ಳೆ ಬಂದರೆ ಅಥವಾ ಜಾಗ ಮಬ್ಬಾದರೆ ಆಸಿಡ್ ಬೇಡವೇ ಬೇಡ. ವಿನೆಗರ್ ಕೂಡ ಬೇಡ. ನೀರಲ್ಲಿ ನೆನೆಸಿ, ಮರದ ಚಕ್ಕೆಯಿಂದ ನಿಧಾನಕ್ಕೆ ಕೆರೆಯಿರಿ. ಇಳಕಲ್ಲಿನ ಕೆಂಪು ಗ್ರಾನೈಟ್ ನೊರೆ ಬರಿಸಲ್ಲ, ಆದರೂ ಮೂಲೆಯಲ್ಲಿ ಪರೀಕ್ಷಿಸಿಯೇ ಮುಂದುವರಿಯಿರಿ. ಬಾದಾಮಿಯ ಮರಳುಗಲ್ಲು ಸೂಕ್ಷ್ಮ ರಂಧ್ರಗಳ ಕಲ್ಲು, ಆಸಿಡ್ ಒಳಗೆ ಇಳಿದುಬಿಡುತ್ತೆ. (578ರ ಶಾಸನ ಇರೋ ಮೂರನೇ ಗುಹೆ ಕೊರೆದದ್ದೂ ಅದೇ ಬಗೆಯ ಕಲ್ಲಿನಲ್ಲೇ.)

ವಿಟ್ರಿಫೈಡ್ ಟೈಲ್ಸ್‌ಗಾದರೂ ಮೊದಲು ನೀರು, ನೈಲಾನ್ ಸ್ಕ್ರಬ್ಬರ್. ಹೋಗದಿದ್ರೆ ಸಲ್ಫಾಮಿಕ್ ಆಸಿಡ್ ಇರೋ ಕ್ಲೀನರ್, ಪೊಟ್ಟಣದ ಮೇಲಿನ ಅಳತೆಯಲ್ಲೇ. ಸಂದಿಯ ಗ್ರೌಟ್ ಗಟ್ಟಿಯಾಗೋಕೆ ಒಂದು ವಾರವಾದರೂ ಬಿಡಿ. ಆಮೇಲೆ ಸಂದಿಗೆ ಮೊದಲೇ ನೀರು ಕುಡಿಸಿ, ಇಲ್ಲಾಂದ್ರೆ ಅದೂ ಕರಗುತ್ತೆ. ಗ್ಲೌಸ್, ಕನ್ನಡಕ ಬೇಕೇ ಬೇಕು, ಕಿಟಕಿ ತೆರೆದಿರಲಿ. ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಬ್ಲೀಚಿಂಗ್ ಪೌಡರ್ ಹತ್ತಿರವೂ ತರಬೇಡಿ, ಕ್ಲೋರಿನ್ ಅನಿಲ ಬರುತ್ತೆ. ಎಪಾಕ್ಸಿ ಗ್ರೌಟ್ ಆದರೆ ಇದ್ಯಾವುದೂ ನಡೆಯಲ್ಲ, ಅದಕ್ಕೆ ಬೇರೆ ಕ್ಲೀನರ್ ಇದೆ.

ಗೃಹಪ್ರವೇಶದ ದಿನ ಆ ಮೆಟ್ಟಿಲ ಮೇಲೆ ಜಮಖಾನೆ ಹಾಸಿದ್ರು. ಮತ್ತೆ ಪಾಲಿಶ್ ಹೊಡೆಸೋ ಖರ್ಚು ನಾವು ಮೂವರೂ ಹಂಚ್ಕೊಂಡು ಕೊಡ್ತೀವಿ ಅಂದಿದ್ದೀವಿ. ಗೆಳೆಯನ ಅಪ್ಪ ಇನ್ನೂ ಹೂಂ ಅಂದಿಲ್ಲ.