ಟ್ಯಾಂಕರು ನಡೆಸಲು ಕಲಿಯುವವರಿಗೆ



ಮಂಗಳೂರಿನ ಬೆಂಗ್ರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಫಲ್ಗುಣಿ ನದಿ ಇರುವ ಮರಳುದಿಣ್ಣೆ. ದೋಣಿಯ ತಳದಲ್ಲಿ ನೀರು ನಿಂತರೆ, ದೋಣಿ ವಾಲಿದ ಕಡೆಗೇ ಆ ನೀರು ಓಡಿ ಇನ್ನಷ್ಟು ವಾಲಿಸುವುದೆಂದು ಅಲ್ಲಿಯ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ಮಗನೋ ತಮ್ಮನೋ ಅಡುಗೆ ಅನಿಲದ ಟ್ಯಾಂಕರಿಗೆ ಡ್ರೈವರಾಗಿ ಸೇರುವುದಾದರೆ ಮೊದಲು ಕಲಿಯಬೇಕಾದುದು ಇದನ್ನೇ.

ಅಕ್ಕಿಯ ಮೂಟೆ ಇಟ್ಟಲ್ಲಿ ಇರುತ್ತದೆ; ದ್ರವ ಇರುವುದಿಲ್ಲ. ಬಿಸಿಲಿಗೆ ದ್ರವ ಹಿಗ್ಗುವುದರಿಂದ ಟ್ಯಾಂಕನ್ನು ಎಂದೂ ಪೂರ್ತಿ ತುಂಬುವುದಿಲ್ಲ. ಬ್ರೇಕು ಒತ್ತಿದೊಡನೆ ಒಳಗಿನ ಅಲೆ ಮುಂದಕ್ಕೆ ಬಂದು ಗಾಡಿಯನ್ನು ನೂಕುತ್ತದೆ. ಟ್ಯಾಂಕಿನೊಳಗಿನ ಅಡ್ಡತಟ್ಟೆಗಳು ಈ ನೂಕನ್ನು ತಗ್ಗಿಸುತ್ತವೆ, ಆದರೆ ಪಕ್ಕಕ್ಕೆ ಹೊರಳುವುದನ್ನು ಅಷ್ಟಾಗಿ ತಡೆಯವು. ಆದುದರಿಂದ ತಿರುವಿಗೆ ಮೊದಲೇ ವೇಗ ಇಳಿಸಬೇಕು. ತಿರುವಿನೊಳಗೆ ಹೋಗಿ ಬ್ರೇಕು ಒತ್ತಬಾರದು. ಶಿರಾಡಿ ಘಾಟಿಯನ್ನು ಕೆಳ ಗೇರಿನಲ್ಲೇ ಇಳಿಯಬೇಕು. ಲಾರಿಯಲ್ಲಿ ಹತ್ತು ವರ್ಷ ಪಳಗಿದವನೂ ಇಲ್ಲಿ ಹೊಸಬನೇ.

2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲದ ಟ್ಯಾಂಕರು ಮಗುಚಿ ಬೆಂಕಿ ಹತ್ತಿತು. ರಸ್ತೆ ಬದಿಯ ಮನೆಯವರೂ ಜೀವ ಕಳೆದುಕೊಂಡರು. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಚರಂಡಿ, ತಗ್ಗಿನ ಗದ್ದೆಗಳಲ್ಲಿ ತುಂಬಿಕೊಳ್ಳುತ್ತದೆ. ಆಗ ಡ್ರೈವರು ಎಂಜಿನು ನಿಲ್ಲಿಸಿ, ಜನರನ್ನು ಗಾಳಿ ಬೀಸಿ ಬರುವ ಕಡೆಯ ಎತ್ತರದ ಜಾಗಕ್ಕೆ ಕಳುಹಿಸಬೇಕು. ಒಲೆ, ಬೀಡಿ ಯಾವುದೂ ಕೂಡದು. ನೋಡಲು ಓಡಿ ಹೋಗುವ ಚಾಳಿಯನ್ನು ನಾವೂ ಬಿಡಬೇಕು.

ಇಂಥ ಸರಕಿಗೆ ಸಾಮಾನ್ಯ ಲೈಸೆನ್ಸು ಸಾಲದು. 3 ದಿನಗಳ ತರಬೇತಿ ಪಡೆದು, ಲೈಸೆನ್ಸಿನಲ್ಲಿ ಅದನ್ನು ನಮೂದು ಮಾಡಿಸಿಕೊಳ್ಳಬೇಕು. ಮೂರು ದಿನದ ಸಂಬಳ ಹೋಯಿತೆಂದು ಗೊಣಗುವವರುಂಟು, ಗೊಣಗಲಿ. ಆಮೇಲೂ ಕೆಲವು ಸಲ ಹಳೆಯ ಡ್ರೈವರ ಪಕ್ಕದಲ್ಲಿ ಕುಳಿತು, ಅವರು ಯಾವ ತಿರುವಿಗೆ ಎಷ್ಟು ದೂರದಿಂದ ವೇಗ ಇಳಿಸುತ್ತಾರೆಂದು ನೋಡಿಕೊಂಡು ಹೋಗಿಬರಲಿ.